ರೆತಿಂತೀನ್ ಎಂಬ ಒಂದು ಷರಾ

ಮಂಗಳವಾರ, ಹದಿಮೂರನೇ ತಾರೀಖು
ಕಚೇರಿಯ ಕ್ಯಾಂಟೀನು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮಗಳಿಗೆ,

ಮೇಲೆ ಒಂದು ಪದ ಬರೆದು ಹೊಡೆದುಹಾಕಿದ್ದೇನೆ. ಅದು 'ಮಹಾರಾಣಿಯವರಿಗೆ' ಎಂದಿತ್ತು. ಅಭ್ಯಾಸಬಲ. ಹೊಸ ಹಾಳೆ ತರೋಣವೆಂದರೆ ಮೂರು ಮಹಡಿ ಹತ್ತಬೇಕು. ಲಿಫ್ಟು ಕೆಟ್ಟು ತಿಂಗಳಾಯಿತು, ನನ್ನ ಮಂಡಿ ಕೆಟ್ಟು ವರ್ಷವಾಯಿತು. ಹಾಗಾಗಿ ಹೊಡೆದುಹಾಕಿದ್ದನ್ನೂ ಸೇರಿಸಿಯೇ ಓದಿಕೋ.

ನೀನು ಹೋಗಿ ಎರಡೂವರೆ ವರ್ಷವಾಯಿತು. ಇಷ್ಟು ದಿನದಲ್ಲಿ ನಿನ್ನಿಂದ ಬಂದದ್ದು ಎರಡು ಕಾರ್ಡು, ಎರಡರಲ್ಲೂ ಬದಲಾದ ವಿಳಾಸ ಬಿಟ್ಟರೆ ಇನ್ನೇನೂ ಇರಲಿಲ್ಲ. ನಾನೂ ಬರೆಯಲಿಲ್ಲ, ಅದಕ್ಕೆ ದೂರುವ ಬಾಯಿ ನನಗಿಲ್ಲ. ಆ ದೋಣಿ ರಿಪೇರಿಯ ಶೆಡ್ಡು ಹೇಗಿದೆಯೋ, ಊಹಿಸಿಕೊಳ್ಳುವುದಕ್ಕೂ ನನಗೆ ಬರುವುದಿಲ್ಲ. ದೋಣಿಯಡಿ ಮಲಗಿ ಕೆರೆಯುವಾಗ ಹಳೇ ಬಣ್ಣದ ಪುಡಿ ಕಣ್ಣಿಗೆ ಬೀಳುತ್ತದೆ, ಕನ್ನಡಕ ಹಾಕಿಕೋ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನಿಂದ ಒಂದು ಉಪಕಾರ ಆಗಬೇಕು. ಅದನ್ನು ನೀನು ಮಾಡಿದರೆ ನನ್ನ ಕೆಲಸ ಹೋಗುತ್ತದೆ. ಅಮ್ಮನಿಗೆ ತಲೆ ಕೆಟ್ಟಿತೇ ಎಂದು ಕೇಳಬೇಡ, ಸ್ವಲ್ಪ ತಾಳು. ಸುತ್ತಿ ಬಳಸಿ ಹೇಳುವಷ್ಟು ತ್ರಾಣ ನನ್ನಲ್ಲಿಲ್ಲ, ಆದರೆ ನೆಟ್ಟಗೆ ಹೇಳುವ ಅಭ್ಯಾಸವೂ ಇಲ್ಲ. ಎರಡರ ನಡುವೆ ಹೇಗೆ ಬರುತ್ತದೋ ಹಾಗೆ ಬರೆಯುತ್ತೇನೆ.

ರೋಲರಿನವನು ನಿನಗೆ ನೆನಪಿರಲೇಬೇಕು. ನಾಲ್ಕು ವರ್ಷದ ಹಿಂದಿನ ಮಾತು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವನಿಗೆ ಕೆಲಸ. ಒದ್ದೆ ಹೊದಿಕೆಯನ್ನು ಎರಡು ಬಿಸಿ ಉರುಳೆಗಳ ನಡುವೆ ಕೊಟ್ಟರೆ ಆಚೆ ಕಡೆ ಇಸ್ತ್ರಿಯಾಗಿ ಬರುತ್ತದೆ. ಉರುಳೆಯ ಬಾಯಿಗೆ ಕೈ ಹೋಗದ ಹಾಗೆ ಒಂದು ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ. ಬಟ್ಟೆ ಅದಕ್ಕೆ ಸಿಕ್ಕಿಕೊಂಡು ಕೆಲಸ ನಿಧಾನವಾಗುತ್ತದೆ ಎಂದು ಮೇಸ್ತ್ರಿ ಅದನ್ನು ಬಿಚ್ಚಿಸಿದ. ಬಿಚ್ಚಿಸಿದ ಹನ್ನೊಂದನೇ ದಿನ ಇವನ ಬಲಗೈಯ ಮೂರು ಬೆರಳು ಹೋದವು. ತಪ್ಪು ಯಾರದು ಎಂದು ತೀರ್ಮಾನಿಸಲು ಕೇಸು ನಮ್ಮ ಕಚೇರಿಗೆ ಬಂತು. ಅವನಿಗೆ ಬರುತ್ತಿದ್ದುದು ಸ್ಪ್ಯಾನಿಷ್ ಒಂದೇ. ಇಡೀ ಕಚೇರಿಗೆ ಸ್ಪ್ಯಾನಿಷ್ ಬಲ್ಲ ದುಭಾಷಿಗಳು ನಾನೂ ಇನ್ನೊಬ್ಬರೂ, ಇಬ್ಬರೇ, ಹಾಗಾಗಿ ಅವನ ಕಾಗದ ಪತ್ರವೆಲ್ಲ ನನ್ನ ಮೇಜಿಗೆ ಬಂದವು.

ಅದರಲ್ಲಿ ಒಂದು ಧ್ವನಿಮುದ್ರಣವಿತ್ತು. ಪಟ್ಟಿ ಬಿಚ್ಚಿಸಿದ ದಿನ ಮೇಸ್ತ್ರಿ ಫೋನಿನಲ್ಲಿ ಅವನ ಜೊತೆ ಆಡಿದ ಮಾತು. ಹರಕು ಮುರುಕು ಸ್ಪ್ಯಾನಿಷಿನಲ್ಲಿ ಮೇಸ್ತ್ರಿ, ಪಟ್ಟಿ ಇಲ್ಲದಿದ್ದರೂ ಸುರಕ್ಷಿತ ತಾನೆ ಎಂದು ಕೇಳುತ್ತಾನೆ. ಇವನು, 'ಸೆಗುರೀಸಿಮೊ, ಹೆಫೆ' ಅನ್ನುತ್ತಾನೆ. ಪದಕ್ಕೆ ಪದ ಇಟ್ಟರೆ, 'ಬಹಳ ಬಹಳ ಸುರಕ್ಷಿತ, ಯಜಮಾನರೇ'. ಆದರೆ ಅವನು ಹೇಳಿದ್ದು ಹಾಗಲ್ಲ. 'ರೀ' ಎನ್ನುವುದನ್ನು ಎಳೆದು, ಮೇಲಕ್ಕೆತ್ತಿ, 'ಹೆಫೆ'ಯನ್ನು ಕಾಲಬುಡಕ್ಕೆ ಬೀಳಿಸಿದ. ಕಿವಿ ಇದ್ದ ಯಾರಿಗಾದರೂ ಗೊತ್ತಾಗುತ್ತಿತ್ತು. ಕೈ ಹೋದರೆ ನಿನ್ನಪ್ಪನದೇನು ಹೋಗುತ್ತೆ ಎಂದು ನಮ್ಮಲ್ಲಿ ಕೇಳುತ್ತೇವಲ್ಲ, ಅದೇ ಅರ್ಥ.

ಆ ಧಾಟಿಗೆ ಅವರಲ್ಲಿ ಒಂದು ಪದವಿದೆ. ರೆತಿಂತೀನ್. ವ್ಯಂಗ್ಯಕ್ಕೆ 'ಇರೋನಿಯಾ' ಎಂಬ ದೊಡ್ಡ ಪದ ಬೇರೆ ಇದೆ, ಅದು ಪುಸ್ತಕದ್ದು. 'ಸೋರ್ನಾ' ಎಂದು ಇನ್ನೊಂದು, ಮುಖದಲ್ಲಿ ಏನೂ ತೋರಿಸದೆ ನಿಧಾನಕ್ಕೆ ಕಾಲೆಳೆಯುವುದು. ರೆತಿಂತೀನ್ ಅಡುಗೆಮನೆಯದು, ಮೆಟ್ಟಿಲಿನದು, ಅತ್ತೆ ಸೊಸೆಯರದು. ನಮ್ಮ ಕೊಂಕು, ಕಟಕಿ, ರಾಗ ಎಳೆಯುವುದು ಎಲ್ಲವನ್ನೂ ಸೇರಿಸಿದರೆ ಅದರ ಹತ್ತಿರ ಹತ್ತಿರ ಹೋಗಬಹುದು. ನಿಘಂಟಿನಲ್ಲಿ ಅದಕ್ಕೆ ಎರಡು ಅರ್ಥ ಕೊಟ್ಟಿದ್ದಾರೆ. ಚುಚ್ಚುವುದಕ್ಕೆಂದೇ ಇಟ್ಟುಕೊಂಡ ಧಾಟಿ ಎನ್ನುವುದು ಎರಡನೆಯದು. ಮೊದಲನೆಯದು, ಗಂಟೆ ಹೊಡೆದು ನಿಂತ ಮೇಲೂ ಕಿವಿಯಲ್ಲಿ ಉಳಿಯುವ ಸದ್ದು. ಈ ಎರಡು ಅರ್ಥ ಒಂದೇ ಪದದಲ್ಲಿ ಯಾಕೆ ಬಂದು ಕೂತವು ಎಂದು ನನಗೆ ಬಹಳ ಕಾಲ ಹೊಳೆದಿರಲಿಲ್ಲ.

ಅದನ್ನು ಬಳಸುವ ರೀತಿಯೂ ಒಂದು ತಮಾಷೆ. ಅವನು ರೆತಿಂತೀನಿನಿಂದ ಹೇಳಿದ, ಅವಳು ರೆತಿಂತೀನಿನಿಂದ ನಕ್ಕಳು, ನಿನಗೆ ಯಾಕೆ ಆ ರೆತಿಂತೀನ್, ಹೀಗೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಾದರೂ 'ನಾನು ರೆತಿಂತೀನಿನಿಂದ ಹೇಳಿದೆ' ಎಂದು ಒಪ್ಪಿಕೊಂಡದ್ದನ್ನು ನಾನು ಕೇಳಿಲ್ಲ. ಅದು ಯಾವಾಗಲೂ ಎದುರಿನವರ ಬಾಯಲ್ಲೇ ಇರುತ್ತದೆ.

ನಮ್ಮ ಕಚೇರಿಯ ನಮೂನೆಯಲ್ಲಿ ಐದು ಕಾಲಮ್ಮು. ಸಮಯ, ಯಾರು, ಏನಂದರು, ಅನುವಾದ, ಕೊನೆಯಲ್ಲಿ ಎರಡು ಬೆರಳಗಲದ ಷರಾ. ಷರಾದಲ್ಲಿ ನಾವು 'ಕೆಮ್ಮು', 'ಬಾಗಿಲ ಸದ್ದು', 'ಅಸ್ಪಷ್ಟ' ಎಂದು ಬರೆಯುತ್ತೇವೆ. ನಾನು ಅಲ್ಲಿ 'ಕೊಂಕಿನಿಂದ' ಎಂದು ಒಂದೇ ಒಂದು ಪದ ಬರೆದಿದ್ದರೆ ಸಾಕಿತ್ತು. ಬರೆಯಲು ಪೆನ್ನೂ ಎತ್ತಿದ್ದೆ. ಆದರೆ ಧಾಟಿಯ ಬಗ್ಗೆ ಷರಾ ಬರೆದರೆ ಇನ್ನೊಬ್ಬ ದುಭಾಷಿ ಕೇಳಿ ಸಹಿ ಹಾಕಬೇಕೆಂಬ ನಿಯಮವಿದೆ. ಅವತ್ತು ಶುಕ್ರವಾರ, ಗಂಟೆ ನಾಲ್ಕೂವರೆ. ಆ ಇನ್ನೊಬ್ಬರು ಮನೆಗೆ ಹೋಗಿಯಾಗಿತ್ತು. ಫೈಲು ಸೋಮವಾರ ಬೆಳಿಗ್ಗೆ ಮೇಲೆ ಹೋಗಬೇಕಿತ್ತು, ತಡವಾದರೆ ಕಾರಣ ಕೇಳಿ ನೋಟೀಸು. ನನಗೆ ಆ ವಾರ ಹತ್ತೊಂಬತ್ತು ಧ್ವನಿಮುದ್ರಣ ಕೇಳಿ ಕೇಳಿ ಕಿವಿ ಕಾದಿತ್ತು. ಓದಿದವರಿಗೆ ತಾನಾಗಿ ಗೊತ್ತಾಗುತ್ತದೆ ಬಿಡು, ಪಟ್ಟಿ ಬಿಚ್ಚಿದ ಉರುಳೆಯನ್ನು ಯಾವ ಮನುಷ್ಯ ನಿಜವಾಗಿ ಬಹಳ ಬಹಳ ಸುರಕ್ಷಿತ ಅನ್ನುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. 'ಷರಾ: ಇಲ್ಲ' ಎಂದು ಬರೆದು ಹೆಡ್‌ಫೋನು ತೆಗೆದಿಟ್ಟು ಮನೆಗೆ ಬಂದೆ.

ಮನೆಗೆ ಬಂದು ಏನು ಮಾಡಿದೆ ಹೇಳು. ನೀನೂ ನಾನೂ ಊಟಕ್ಕೆ ಕೂತಾಗ ಅವನ ಹಾಗೇ ರಾಗ ಎಳೆದು 'ಸೆಗುರೀಸಿಮೊ, ಹೆಫೆ' ಎಂದು ಹೇಳಿ ತೋರಿಸಿದೆ. ನೀನು ಬಾಯಲ್ಲಿದ್ದದ್ದು ನೆತ್ತಿಗೇರುವಷ್ಟು ನಕ್ಕೆ. ಇನ್ನೊಂದು ಸಲ ಅಮ್ಮ ಎಂದೆ. ನಾನು ಇನ್ನೊಂದು ಸಲ ಹೇಳಿದೆ. ಫೈಲಿಗೆ ಕೊಡದೆ ಉಳಿಸಿಕೊಂಡ ರಾಗವನ್ನು ಮನೆಯಲ್ಲಿ ನಗೆಗೆ ಖರ್ಚು ಮಾಡಿದೆ. ಆಮೇಲೆ ಅದು ನಮ್ಮ ಮನೆಮಾತೇ ಆಗಿಹೋಯಿತು. ಗ್ಯಾಸಿನ ಒಲೆ ಸೋರಿದರೆ ಸೆಗುರೀಸಿಮೊ, ಬಚ್ಚಲಲ್ಲಿ ಜಾರಿದರೆ ಸೆಗುರೀಸಿಮೊ, ಮೂರನೇ ಮಹಡಿಯಾಕೆ ಮಗನಿಗೆ ಸ್ಕೂಟರು ಕೊಡಿಸಿದರೆ ಕಿಟಕಿ ಬಳಿ ನಿಂತು ಇಬ್ಬರೂ ಒಟ್ಟಿಗೆ ಸೆಗುರೀಸಿಮೊ.

ಏಳು ವಾರದ ಮೇಲೆ ತೀರ್ಪು ಬಂತು. ಅಪಾಯವಿಲ್ಲವೆಂದು ಕೆಲಸಗಾರನೇ ಸ್ವತಃ ಎರಡು ಸಲ ಒತ್ತಿ ಹೇಳಿದ್ದರಿಂದ ತಪ್ಪು ಅವನದೇ ಎಂದು. ಎರಡು ಸಲ ಎನ್ನುವುದು ನಾನು ಬರೆದ 'ಬಹಳ ಬಹಳ'. ಅದನ್ನು ಸ್ಪ್ಯಾನಿಷಿನಲ್ಲಿ ಅವನಿಗೆ ಹೇಳಬೇಕಾದವಳೂ ನಾನೇ. ನೀನೇ ಹೇಳಿದ್ದೆಯಂತೆ ಎಂದು ನಾನು ಹೇಳುವಾಗ ಅವನು ತೀರ್ಪು ಕೊಟ್ಟ ಸಾಹೇಬರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ. ಬ್ಯಾಂಡೇಜು ಬಿಚ್ಚಿದ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು, 'ಮುಚಾಸ್ ಗ್ರಾಸಿಯಾಸ್, ಸೆನ್ಯೋರಾ' ಎಂದ. ಬಹಳ ಧನ್ಯವಾದ, ಅಮ್ಮಾ, ಎಂದು. ಅದರಲ್ಲಿ ರೆತಿಂತೀನ್ ಇತ್ತೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಸೊಳ್ಳೆಯ ಸದ್ದಿನಲ್ಲೂ ಕೊಂಕು ಹುಡುಕುವ ಕಿವಿ ನನ್ನದು ಎಂದು ನೀನೇ ಅನ್ನುತ್ತಿದ್ದೆ, ಆ ಕಿವಿಗೆ ಗೊತ್ತಾಗಲಿಲ್ಲ. ಇವತ್ತಿಗೂ ಕೇಳಿಸುತ್ತದೆ. ಪಾತ್ರೆ ತೊಳೆಯುವಾಗ, ರೈಲಿಗೆ ಕಾಯುವಾಗ ಕೇಳಿಸುತ್ತದೆ. ನಿಘಂಟಿನ ಮೊದಲನೇ ಅರ್ಥ ನನಗೆ ತಿಳಿದದ್ದು ಹೀಗೆ.

ತೀರ್ಪಿನ ವಿಷಯ ನಿನಗೆ ನಾನು ಹೇಳಲಿಲ್ಲ. ನೀನು ಒಂದು ಸಲ ಕೇಳಿದ್ದೆ, ಆ ರೋಲರಿನವನ ಕೇಸು ಏನಾಯ್ತಮ್ಮ ಅಂತ. ಇನ್ನೂ ನಡೀತಾ ಇದೆ ಎಂದೆ. ಸುಳ್ಳು.

ನಿನ್ನಪ್ಪ ಇದ್ದಿದ್ದರೆ ಇಂಥದ್ದು ಆಗುತ್ತಿರಲಿಲ್ಲವೇನೋ. ಅವರ ಹತ್ತಿರ ಕೊಂಕು ಆಡಿ ಪ್ರಯೋಜನವೇ ಇರಲಿಲ್ಲ. ಅನ್ನ ಸೀದು ಕರಿಕಾದ ದಿನ, ಅಡುಗೆ ಮಾಡಿ ಉದ್ಧಾರ ಮಾಡಿಬಿಟ್ರಿ ಎಂದರೆ, ಅಯ್ಯೋ ಅದಕ್ಕೇನಂತೆ, ನಾಳೆನೂ ಮಾಡ್ತೀನಿ ಎನ್ನುತ್ತಿದ್ದರು. ಮಾಡಿಯೂ ಬಿಡುತ್ತಿದ್ದರು. ನನ್ನ ಬಾಣವೆಲ್ಲ ಅವರ ಮುಂದೆ ಹತ್ತಿಯ ಮೂಟೆಗೆ ಬಿದ್ದ ಹಾಗೆ. ಅವರು ಹೋದ ಮೇಲೆ ಆ ಬಾಣಗಳಿಗೆ ನೀನೊಬ್ಬಳೇ ಸಿಕ್ಕೆ, ನೀನು ಹತ್ತಿಯಲ್ಲ. ನೂಲಿನಂತೆ ಸೀರೆ ಎನ್ನುತ್ತಾರಲ್ಲ, ನಿನ್ನ ಕಿವಿಯೂ ನನ್ನದೇ.

ನೀನು ಹೋದ ದಿನದ ವಿಷಯ ಬರೆಯಲೇಬೇಕು, ಅದು ಮುಂದಿನ ಮಾತಿಗೆ ಬೇಕು. ಶಾಲೆಯ ಕೆಲಸ ಬಿಟ್ಟು ಮೂರು ಗಂಟೆ ರೈಲಿನ ದೂರದಲ್ಲಿ, ಮುಖಪರಿಚಯವಿಲ್ಲದವರ ಶೆಡ್ಡಿನಲ್ಲಿ ದೋಣಿ ರಿಪೇರಿ ಕಲಿಯುತ್ತೇನೆ ಎಂದೆ. ನಾನು ವಾದ ಮಾಡಲಿಲ್ಲ, ಅದೇ ನನ್ನ ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಎರಡನೇ ಮೆಟ್ಟಿಲಲ್ಲಿ ಚೀಲ ಇಟ್ಟು ತಿರುಗಿ ನೋಡಿ, 'ಅಮ್ಮ, ಎಲ್ಲಾ ಸರಿ ಹೋಗುತ್ತೆ ಅಲ್ವಾ?' ಎಂದು ಕೇಳಿದೆ. ಹತ್ತು ವರ್ಷದವಳಿದ್ದಾಗ ಜ್ವರ ಬಂದರೆ ಕೇಳುತ್ತಿದ್ದ ಧ್ವನಿ ಅದು. ನಾನು 'ಸೆಗುರೀಸಿಮೊ' ಎಂದೆ. ಅದೇ ರಾಗದಲ್ಲಿ. ನೀನು ಚೀಲ ಎತ್ತಿಕೊಂಡು ಇಳಿದುಹೋದೆ.

ಆಗ ನನಗೆ ಭಯವಾಗಿತ್ತು. ಒಬ್ಬಳೇ ಮನೆಯಲ್ಲಿ ಉಳಿಯುವ ಭಯ, ನಿನಗೆ ಅಲ್ಲಿ ಏನಾಗುತ್ತದೋ ಎಂಬ ಭಯ. ಭಯವಾದಾಗ ಬೇರೆಯವರು ಅಳುತ್ತಾರೆ, ಬೈಯುತ್ತಾರೆ, ನನಗೆ ರಾಗ ಬರುತ್ತದೆ. ಇದು ನೆಪವಲ್ಲ. ಮಾತು ಆಡಿದರೆ ಹೋಯಿತು ಎಂಬುದು ಇಪ್ಪತ್ತೆರಡು ವರ್ಷ ಬೇರೆಯವರ ಮಾತು ಹೊತ್ತವಳಿಗೆ ಗೊತ್ತಿಲ್ಲದ್ದಲ್ಲ. ನೋಯಿಸಿದೆ, ತಪ್ಪಾಯಿತು.

ಹೋದ ತಿಂಗಳು ಅದೇ ಲಾಂಡ್ರಿಯಲ್ಲಿ, ಅದೇ ರೋಲರಿನಲ್ಲಿ, ಇನ್ನೊಬ್ಬಾಕೆಯ ಕೈ ಸಿಕ್ಕಿಕೊಂಡಿತು. ಎಡಗೈ, ಮಣಿಕಟ್ಟಿನವರೆಗೆ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಹೊದಿಕೆ ಮಡಿಚುವ ಕೆಲಸದವಳು. ಪಟ್ಟಿ ಇವತ್ತಿಗೂ ಹಾಕಿಲ್ಲ. ಯಾಕೆ ಹಾಕಲಿಲ್ಲ ಎಂದರೆ ಮಾಲೀಕರು ಹಳೇ ತೀರ್ಪು ತೋರಿಸುತ್ತಾರೆ. ಪಟ್ಟಿ ಇಲ್ಲದೆಯೂ ಸುರಕ್ಷಿತ ಎಂದು ಅನುಭವಸ್ಥ ಕೆಲಸಗಾರನೇ ಹೇಳಿದ್ದು ದಾಖಲೆಯಲ್ಲಿದೆ ಎನ್ನುತ್ತಾರೆ. ದಾಖಲೆ ಎಂದರೆ ನನ್ನ ಕೈಬರಹ.

ಆಕೆಯ ವಕೀಲೆ ಫೈಲು ಹಿಡಿದು ನನ್ನ ಮೇಜಿಗೆ ಬಂದಳು. ನಿನ್ನದೇ ವಯಸ್ಸು, ನಿನ್ನ ಹಾಗೇ ಉಗುರು ಕಚ್ಚುತ್ತಾಳೆ. ಆ ಸಾಲಿನ ಮೇಲೆ ಬೆರಳಿಟ್ಟು, 'ಮೇಡಂ, ಇದನ್ನ ಅವನು ಹೇಗೆ ಹೇಳಿದ?' ಎಂದಳು. ಇಷ್ಟು ವರ್ಷದಲ್ಲಿ ಎಲ್ಲರೂ ಏನು ಹೇಳಿದ ಎಂದು ಕೇಳಿದ್ದಾರೆ, ಹೇಗೆ ಹೇಳಿದ ಎಂದು ಕೇಳಿದವಳು ಇವಳೊಬ್ಬಳು. ನಾನು ಏನಂದೆ ಗೊತ್ತಾ? ಬರೆದಿದೆಯಲ್ಲಮ್ಮ, ನಿಮಗೆ ಓದಕ್ಕೆ ಬರುತ್ತಲ್ಲ, ಎಂದೆ. ಅದೂ ರಾಗದಲ್ಲಿ. ಅವಳು ಫೈಲು ಮುಚ್ಚಿಕೊಂಡು ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ನಾನು ಮೂರು ದಿನ ಓಡಾಡಿದೆ. ನಾಲ್ಕನೇ ದಿನ ನಾನೇ ಅವಳ ಕಚೇರಿ ಹುಡುಕಿಕೊಂಡು ಹೋದೆ.

ಅವಳು ಬಿಡಿಸಿ ಹೇಳಿದಳು. ಧ್ವನಿಮುದ್ರಣ ಈಗಿಲ್ಲ, ಎರಡು ವರ್ಷಕ್ಕೆ ಅಳಿಸಿಹಾಕುತ್ತಾರೆ. ರೋಲರಿನವನು ತನ್ನ ದೇಶಕ್ಕೆ ಹೋದವನು, ವಿಳಾಸ ಸಿಕ್ಕಿಲ್ಲ. ಆಗ ಗೊತ್ತಾಗಲಿಲ್ಲ, ಈಗ ಯೋಚಿಸಿದರೆ ಕೊಂಕು ಅನ್ನಿಸುತ್ತದೆ ಎಂದು ನಾನು ಬರೆದುಕೊಟ್ಟರೆ ನನ್ನ ಕೆಲಸ ಉಳಿಯುತ್ತದೆ. ಆದರೆ ಅಂಥ ಕಾಗದಕ್ಕೆ ಕವಡೆ ಕಿಮ್ಮತ್ತಿಲ್ಲ. ಅವತ್ತೇ ಗೊತ್ತಿತ್ತು, ಗೊತ್ತಿದ್ದೂ ಬರೆಯಲಿಲ್ಲ ಎಂದರೆ ಮಾತಿಗೆ ತೂಕ ಬರುತ್ತದೆ. ಆಗ ನನ್ನ ಪರವಾನಗಿ ಹೋಗುತ್ತದೆ, ಬಹುಶಃ ವಿಚಾರಣೆಯೂ ಆಗುತ್ತದೆ. 'ಆದರೂ ಮೇಡಂ, ನಿಮಗೆ ಅವತ್ತೇ ಗೊತ್ತಿತ್ತು ಅನ್ನೋದಕ್ಕೆ ಸಾಕ್ಷಿ ಯಾರು? ಕೈ ಕಳ್ಕೊಂಡೋರನ್ನ ನೋಡಿ ಮರುಕಕ್ಕೆ ಈಗ ಕಥೆ ಕಟ್ತಿದ್ದಾರೆ ಅಂತಾರೆ ಅವರು', ಎಂದಳು.

ಎರಡನೆಯದನ್ನೇ ಬರೆದು ನಿನ್ನೆ ಸಹಿ ಮಾಡಿ ಕೊಟ್ಟೆ. ಧೈರ್ಯ ಬಂದು ಕೊಟ್ಟದ್ದಲ್ಲ, ಹೊತ್ತು ಹೊತ್ತು ಸಾಕಾಗಿ ಕೊಟ್ಟದ್ದು. ಸಾಕ್ಷಿ ಮಾತ್ರ ಒಬ್ಬಳೇ. ಆ ಶುಕ್ರವಾರ ನಾನು ಆ ರಾಗ ಹೇಳಿ ತೋರಿಸಿದ್ದನ್ನು ಕೇಳಿ ನಕ್ಕವಳು.

ವಿಚಾರಣೆ ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ. ನೀನು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅಮ್ಮ ಅವತ್ತು ಸಂಜೆ ಊಟಕ್ಕೆ ಕೂತಾಗ ಹೀಗೆ ಹೇಳಿದಳು, ನಾವಿಬ್ಬರೂ ನಕ್ಕೆವು, ಅದು ನಮ್ಮ ಮನೆಯಲ್ಲಿ ಕೊಂಕಿನ ಮಾತಾಯಿತು. ಹೇಳಿ ತೋರಿಸಿ ಎಂದರೆ ಹೇಳಿ ತೋರಿಸು, ನಿನಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಅದು ಕೊಂಕು ಎಂದು ನಿನಗೆ ಹೇಗೆ ಖಾತ್ರಿ ಎಂದು ಆ ಕಡೆಯ ವಕೀಲರು ಕೇಳಿಯೇ ಕೇಳುತ್ತಾರೆ. ಆಗ ಮೆಟ್ಟಿಲ ಮೇಲಿನದ್ದನ್ನೂ ಹೇಳಿಬಿಡು. ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ. ನನ್ನ ಮುಖ ನೋಡುತ್ತಾ ಹೇಳಲು ಕಷ್ಟವಾದರೆ ಆ ಕೋಣೆಯಲ್ಲಿ ಎಡಗಡೆ ದೊಡ್ಡ ಕಿಟಕಿಯಿದೆ, ಆ ಕಡೆ ನೋಡಿಕೊಂಡು ಹೇಳು. ಸಾಕ್ಷಿಗಳು ಎಲ್ಲರೂ ಆ ಕಿಟಕಿಯನ್ನೇ ನೋಡುವುದು.

ನನ್ನ ಕೆಲಸದ ಚಿಂತೆ ನಿನಗೆ ಬೇಡ. ಮೇಜಿನ ಡ್ರಾಯರು ಅರ್ಧ ಖಾಲಿ ಮಾಡಿದ್ದೇನೆ. ನೋವಿನ ಮುಲಾಮು, ಒಂದು ನಿಘಂಟು, ಎರಡು ಒಂಟಿ ಕಾಲುಚೀಲ ಸಿಕ್ಕವು, ಇಪ್ಪತ್ತೆರಡು ವರ್ಷಕ್ಕೆ ಅಷ್ಟೇ. ಕೆಲಸ ಬಿಟ್ಟು ಏನು ಮಾಡುತ್ತೀಯ ಎಂದು ಆ ಇನ್ನೊಬ್ಬ ದುಭಾಷಿ ಕೇಳಿದರು. ನಿದ್ದೆ ಎಂದೆ. ನಿಜವಾಗಿಯೇ ಎಂದೆ, ಅವರು ಮಾತ್ರ ಕೊಂಕು ಎಂದುಕೊಂಡು ನಕ್ಕರು. ನನ್ನ ಹಣೆಬರಹ ನೋಡು, ನೆಟ್ಟಗೆ ಆಡಿದರೂ ಈಗ ಯಾರೂ ನಂಬುವುದಿಲ್ಲ.

ಬರಲು ಮನಸ್ಸಾಗದಿದ್ದರೆ ಬರಬೇಡ. ನಿನ್ನ ವಿಳಾಸ ವಕೀಲೆ ಎರಡು ಸಲ ಕೇಳಿದಳು, ನನಗೆ ಗೊತ್ತಿಲ್ಲ ಎಂದಿದ್ದೇನೆ. ಕಚೇರಿಯಿಂದ ನೋಟೀಸು ಬಂದು ನಿನ್ನನ್ನು ಎಳೆದುತರುವುದು ನನಗೆ ಬೇಡ. ನನ್ನ ಹೇಳಿಕೆ ಒಂದೇ ನಿಂತು ಬಿದ್ದರೆ ಬೀಳಲಿ. ಬಿದ್ದರೆ ರೋಲರಿನವನ ತಪ್ಪು ಅವನ ಹೆಸರಿಗೇ ಉಳಿಯುತ್ತದೆ, ಈ ಹೆಂಗಸಿನದು ಇವಳ ಹೆಸರಿಗೆ ಸೇರುತ್ತದೆ, ಪಟ್ಟಿ ಹಾಗೇ ಮೂಲೆಯಲ್ಲಿ ಬಿದ್ದಿರುತ್ತದೆ. ಇದನ್ನು ನಿನ್ನನ್ನು ಒಪ್ಪಿಸಲು ಬರೆಯುತ್ತಿಲ್ಲ. ಅಥವಾ ಒಪ್ಪಿಸಲೆಂದೇ ಬರೆಯುತ್ತಿದ್ದೇನೆ, ಇನ್ನು ಸುಳ್ಳು ಯಾಕೆ.

ಕ್ಯಾಂಟೀನಿನವನು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಇಡುತ್ತಿದ್ದಾನೆ. ಏಳಬೇಕು. ಹೊಟ್ಟೆ ತುಂಬ ಉಣ್ಣು, ಒದ್ದೆ ಕೂದಲಲ್ಲಿ ಗಾಳಿಗೆ ಹೋಗಬೇಡ.

ಸುಸ್ತಾದ,
ನಿನ್ನ ಅಮ್ಮ

ಮರೆತಿದ್ದು: ಮೇಲೆ ಇನ್ನೊಂದು ಸುಳ್ಳು ಬರೆದಿದ್ದೇನೆ. ನಿನ್ನ ಶೆಡ್ಡು ಹೇಗಿದೆಯೆಂದು ನನಗೆ ಗೊತ್ತು. ಮೊನ್ನೆ ಭಾನುವಾರ ಇದನ್ನೆಲ್ಲ ಎದುರಿಗೇ ಹೇಳಬೇಕೆಂದು ರೈಲು ಹತ್ತಿ ಬಂದಿದ್ದೆ. ಗೇಟಿನ ಹೊರಗೆ, ಹಗ್ಗದ ಸುರುಳಿಗಳ ಪಕ್ಕ, ಮುಕ್ಕಾಲು ಗಂಟೆ ನಿಂತಿದ್ದೆ. ನೀನು ಒಂದು ಹಸಿರು ದೋಣಿಯಡಿ ಅಂಗಾತ ಮಲಗಿ ಕೆರೆಯುತ್ತಿದ್ದೆ, ಆಮೇಲೆ ಎದ್ದು ಅದರ ಮೈಮೇಲೆ ಅಂಗೈ ಸವರಿ ನೋಡಿ ಒಬ್ಬಳೇ ನಕ್ಕೆ. ಕರೆಯಲು ಬಾಯಿ ತೆರೆದೆ. ಯಾವ ರಾಗದಲ್ಲಿ ಹೊರಗೆ ಬರುತ್ತದೋ ಎಂದು ಹೆದರಿಕೆಯಾಗಿ ಮುಚ್ಚಿಕೊಂಡು ಮುಂದಿನ ರೈಲಿನಲ್ಲಿ ವಾಪಸು ಬಂದೆ. ಹೇಳಬೇಕೆಂದಿದ್ದು ಬಹಳವಲ್ಲ. ನಿನ್ನ ಕೆಲಸ ಚೆನ್ನಾಗಿದೆ ಮಗಳೇ.